150 ಸೆಂಟಿಮೀಟರ್ ಎತ್ತರದ ಕಡಲು

ಪ್ರದರ್ಶನಕ್ಕೆ ಇನ್ನು ಎರಡೇ ದಿನ ಉಳಿದಿತ್ತು. 28 ಚಿತ್ರಗಳನ್ನು ಸಭಾಂಗಣದ ಗೋಡೆಗಳಿಗೆ ಒರಗಿಸಿ ನೆಲದ ಮೇಲೆ ಸಾಲಾಗಿ ಇಟ್ಟಿದ್ದೆವು. ಯಾವುದರ ಪಕ್ಕ ಯಾವುದು ಎಂದು ಬೆಳಿಗ್ಗೆಯಿಂದ ಅದಲು ಬದಲು ಮಾಡಿ ಎಲ್ಲರೂ ಸೋತಿದ್ದೆವು. ನಮ್ಮ ಗುಂಪಿನ ಹಿರಿಯರು, ತೈಲವರ್ಣದವರು, ಮಡಚುವ ಸ್ಟೂಲು ಹಾಕಿಕೊಂಡು ನಡುವೆ ಕೂತು ಬಹಳ ಹೊತ್ತು ಒಂದೂ ಮಾತಾಡದೆ ನೋಡುತ್ತಿದ್ದರು. ಕೊನೆಗೆ, "ಎಲ್ಲರೂ ಬರೆದದ್ದು ಒಂದೇ ಕಡಲು. ಇಲ್ಲಿ ಮಾತ್ರ ನೀರು ಒಬ್ಬೊಬ್ಬರಿಗೆ ಒಂದೊಂದು ಎತ್ತರಕ್ಕೆ ನಿಂತಿದೆಯಲ್ಲ" ಎಂದರು.

ಮುಂದಿನ ಎರಡು ದಿನ ನಮಗೆ ನಿದ್ದೆ ಇಲ್ಲದಂತೆ ಮಾಡಿದ್ದು ಆ ಒಂದು ಮಾತು. ಅದನ್ನು ಹೇಳುವ ಮೊದಲು ದಡದ ಕಥೆ ಹೇಳಬೇಕು.

ನಾವು ಆರು ಜನ. ಆ ಹಿರಿಯರು, ಒಬ್ಬ ಛಾಯಾಗ್ರಾಹಕರು, ಬಿಸಿಲಿನಿಂದ ನೀಲಿ ಅಚ್ಚು ತೆಗೆಯುವ ಸಯನೋಟೈಪ್ ಮಾಡುವ ಕಲಾವಿದೆ, ಜೇಡಿಮಣ್ಣಿನಲ್ಲಿ ಕೆಲಸ ಮಾಡುವ ಗೆಳೆಯ, ಇದ್ದಿಲಿನಲ್ಲಿ ಬರೆಯುವ ಎಲ್ಲರಿಗಿಂತ ಕಿರಿಯ ಹುಡುಗ, ಮತ್ತೆ ಜಲವರ್ಣದ ನಾನು. ಹಿಂದೆಯೂ ಸಮೂಹ ಪ್ರದರ್ಶನಗಳಲ್ಲಿ ಭಾಗವಹಿಸಿದವರೇ. ಅವರವರ ಮನೆಯಲ್ಲಿ ಇದ್ದದ್ದನ್ನು ತಂದು ನೇತುಹಾಕಿ, ಎಲ್ಲಕ್ಕೂ ಹೊಂದುವಂಥ ಒಂದು ಹೆಸರನ್ನು ಕೊನೆಯಲ್ಲಿ ಹುಡುಕುವ ಪ್ರದರ್ಶನಗಳು ಅವು. ಈ ಸಲ ಹಾಗೆ ಬೇಡ ಎಂದು ನಿರ್ಧರಿಸಿದೆವು. ಇಟ್ಟುಕೊಂಡದ್ದು ಒಂದೇ ನಿಯಮ: ಎಲ್ಲರೂ ಒಂದೇ ದಡಕ್ಕೆ ಹೋಗಬೇಕು. ಅಳಿವೆಯ ಮರಳು ದಿಬ್ಬದಿಂದ ಕಡಲಿಗೆ ಚಾಚಿದ ಬಂಡೆಗಳವರೆಗೆ, ಹೆಚ್ಚೆಂದರೆ ಎರಡು ಕಿಲೋಮೀಟರ್. ಅದರಾಚೆಯ ಯಾವುದನ್ನೂ ಯಾರೂ ಬರೆಯುವಂತಿಲ್ಲ. 11 ತಿಂಗಳಲ್ಲಿ ಏಳು ಸಲ ಹೋಗಿಬಂದೆವು.

ಮೊದಲ ಸಲವೇ ಪಾಠವಾಯಿತು. ಇಳಿತದ ಹೊತ್ತಿಗೆ ಬಂಡೆಗಳ ಬುಡದಲ್ಲಿ ಚಪ್ಪಟೆಯಾದ, ಹಾಸಿನಂಥ ಜಾಗ ಬಯಲಾಗಿತ್ತು. ಅಲ್ಲೇ ಈಸೆಲ್‌ಗಳನ್ನು ನಿಲ್ಲಿಸಿ ಕೂತೆವು. ಕಣ್ಣು ಕಾಗದದಲ್ಲಿ ನೆಟ್ಟಾಗ ನೀರು ಬರುವುದು ತಿಳಿಯುವುದಿಲ್ಲ. ಹಿಂದಿನ ತಗ್ಗಿನಲ್ಲಿ ಆಗಲೇ ಮೊಣಕಾಲುದ್ದ ನೀರು ತುಂಬಿದ್ದನ್ನು ಕಿರಿಯನೇ ಮೊದಲು ನೋಡಿ ಕೂಗಿದ. ಸಾಮಾನು ತಲೆಯ ಮೇಲೆ ಹೊತ್ತು ದಾಟಿದೆವು. ಫ್ರೆಂಚ್ ಚಿತ್ರಕಾರ ಕ್ಲೋದ್ ಮೊನೆಗೂ ಹೀಗೇ ಆಗಿತ್ತು ಎಂದು ಹಿರಿಯರು ಆ ಸಂಜೆ ಹೇಳಿದರು. 1885ರಲ್ಲಿ ಫ್ರಾನ್ಸಿನ ಎತ್ರೆತಾ ಎಂಬಲ್ಲಿ ಆತ ಉಬ್ಬರದ ಹೊತ್ತನ್ನು ತಪ್ಪಾಗಿ ಎಣಿಸಿ ಬಂಡೆಗೋಡೆಯ ಬುಡದಲ್ಲಿ ಕೂತು ಬರೆಯುತ್ತಿದ್ದನಂತೆ. ಅಲೆಯೊಂದು ಆತನನ್ನು ಗೋಡೆಗೆ ಅಪ್ಪಳಿಸಿ ಎಳೆದುಕೊಂಡು ಹೋಯಿತು, ಆತ ಹೇಗೋ ತೆವಳಿ ಮೇಲೆ ಬಂದ. ಬಣ್ಣ, ಕುಂಚ, ಬರೆಯುತ್ತಿದ್ದ ಚಿತ್ರ ಎಲ್ಲ ಕಡಲಿನ ಪಾಲಾದವು.

ಅಲ್ಲಿಂದ ಮುಂದೆ ಕ್ಯಾಲೆಂಡರ್ ನೋಡದೆ ಹೊರಡಲಿಲ್ಲ. ಆ ದಡದಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಇಂದು ನೋಡಿದ ನೀರಿನ ಮಟ್ಟ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ. ಚಿತ್ರ ಬರೆಯುವವರಿಗೆ ಇದರಿಂದ ಒದಗುವ ಕಷ್ಟ ಬೇರೆ ಥರದ್ದು. ಬೆಳಕು ಒಂದು ಲೆಕ್ಕದಲ್ಲಿ ನಡೆಯುತ್ತದೆ, ನೀರು ಇನ್ನೊಂದು ಲೆಕ್ಕದಲ್ಲಿ. ಸಂಜೆ ಐದರ ಬೆಳಕೂ ಅರ್ಧ ಇಳಿದ ನೀರೂ ಒಟ್ಟಿಗೆ ಸಿಕ್ಕಿದ ದಿನ ಅರ್ಧಕ್ಕೆ ನಿಲ್ಲಿಸಿದ ಚಿತ್ರವನ್ನು ಮುಗಿಸಬೇಕಿದ್ದರೆ ಎರಡು ವಾರ ಕಾಯಬೇಕು. ನಾನು ಕಾದಿದ್ದೇನೆ. ಕಾದು ಹೋದ ದಿನ ಮೋಡ ಕವಿದಿತ್ತು.

ಮೂರನೆಯ ಭೇಟಿಯಲ್ಲಿ ನಾನೊಂದು ಪ್ರಯೋಗಕ್ಕೆ ಕೈ ಹಾಕಿದೆ. ಬಾಟಲಿಯಲ್ಲಿ ತಂದ ಸಿಹಿನೀರು ಮುಗಿದಾಗ ಲೋಟವನ್ನು ಕಡಲಿನಲ್ಲೇ ಅದ್ದಿದೆ. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಬಣ್ಣದ ತೆಳುಪದರ ಒಣಗುತ್ತಾ ಬಂದಂತೆ ಆ ಉಪ್ಪು ಹರಳುಗಟ್ಟಿ ತನ್ನ ಸುತ್ತಲಿನ ಬಣ್ಣವನ್ನು ಹೀರಿ ತಿಳಿಯಾದ ಚುಕ್ಕಿಗಳನ್ನು ಮೂಡಿಸಿತು. ಒದ್ದೆ ಮರಳಿನ ಮೇಲೆ ನೊರೆ ಆರಿದ ಮೇಲೆ ಉಳಿಯುವ ಗುರುತು ಹೇಗಿರುತ್ತದೋ ಹಾಗೇ. ಕುಂಚದಲ್ಲಿ ಎಷ್ಟು ವರ್ಷ ಪ್ರಯತ್ನಿಸಿದರೂ ನನಗೆ ಒಲಿಯದಿದ್ದದ್ದು ಅದು. ಕಣ್ಣು ತುಂಬಿ ಬಂತು. ಕಡಲೇ ತನ್ನ ಚಿತ್ರಕ್ಕೆ ಕೈ ಕೂಡಿಸಿತು ಅಂತ ಅನ್ನಿಸಿತು. ಆಮೇಲೆ ಇನ್ನೂ ಎರಡು ಚಿತ್ರಗಳನ್ನು ಪೂರ್ತಿ ಕಡಲನೀರಿನಲ್ಲೇ ಮಾಡಿದೆ. ಆ ಮೂರರ ಗತಿಯನ್ನು ಮುಂದೆ ಹೇಳುತ್ತೇನೆ.

ಜೇಡಿಮಣ್ಣಿನ ಗೆಳೆಯನದೂ ಅದೇ ಆಸೆ. ಆ ದಡದ ಮರಳನ್ನೇ ಮಣ್ಣಿಗೆ ಕಲಸಿ ಬಟ್ಟಲುಗಳನ್ನು ಮಾಡಿದ. ಗೂಡಿನಿಂದ ತೆಗೆದಾಗ ಬಹಳ ಚೆನ್ನಾಗಿದ್ದವು. ಹತ್ತು ಹನ್ನೆರಡು ದಿನಕ್ಕೆ ಮೈಮೇಲೆ ಬಿಳಿ ಚುಕ್ಕಿಗಳು ಕಾಣಿಸಿಕೊಂಡು, ಒಂದೊಂದರ ಮೇಲಿನ ಚಕ್ಕೆಯೂ ಎದ್ದು ಉದುರತೊಡಗಿತು. ಮರಳಿನಲ್ಲಿದ್ದ ಕಪ್ಪೆಚಿಪ್ಪಿನ ಚೂರುಗಳು ಗೂಡಿನ ಬಿಸಿಗೆ ಸುಟ್ಟ ಸುಣ್ಣವಾಗಿದ್ದವು. ಆ ಸುಣ್ಣ ಗಾಳಿಯ ತೇವವನ್ನು ಕುಡಿದು ಉಬ್ಬಿ ಒಳಗಿನಿಂದ ಒಡೆಯುತ್ತಿತ್ತು. ಆರು ಬಟ್ಟಲುಗಳೂ ಹೋದವು. ಅವನು ಹೊಸ ದಾರಿ ಹಿಡಿದ: ಮಣ್ಣಿನ ಹಲಗೆಗಳನ್ನು ದಡಕ್ಕೇ ಹೊತ್ತು ತಂದು, ಬಾರ್ನಕಲ್ ಚಿಪ್ಪುಗಳು ಕಚ್ಚಿಕೊಂಡ ಬಂಡೆಗಳಿಗೆ ಒತ್ತಿ, ಬರೀ ಅಚ್ಚನ್ನು ಎತ್ತಿಕೊಂಡು ಹೋದ. ಕಡಲಿನಿಂದ ಏನನ್ನೂ ತೆಗೆದುಕೊಳ್ಳದ ಆ ಮೂರು ಹಲಗೆಗಳು ಇಡೀ ಪ್ರದರ್ಶನದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಕೃತಿಗಳು.

ಸಯನೋಟೈಪ್ ಕೆಲಸವನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್‌ಗಳನ್ನು ಬೆರೆಸಿ ಕತ್ತಲಲ್ಲಿ ಕಾಗದಕ್ಕೆ ಬಳಿದು ಒಣಗಿಸಿ ತರುತ್ತಿದ್ದರು. ದಡಕ್ಕೆ ಬಂದ ಪಾಚಿಯ ಎಳೆಗಳನ್ನು ಅದರ ಮೇಲೆ ಹರಡಿ, ಮೇಲೊಂದು ಗಾಜು ಇಟ್ಟು ಬಿಸಿಲಿಗೆ ಒಡ್ಡಿ, ಆಮೇಲೆ ನೀರಿನಲ್ಲಿ ತೊಳೆಯುವುದು. ಬಿಸಿಲು ಬಿದ್ದಲ್ಲಿ ನೀಲಿ, ಪಾಚಿಯ ನೆರಳು ಇದ್ದಲ್ಲಿ ಬಿಳಿ. ಜಾನ್ ಹರ್ಶೆಲ್ 1842ರಲ್ಲಿ ಈ ವಿಧಾನವನ್ನು ಕಂಡುಹಿಡಿದ ಮರುವರ್ಷವೇ ಆನಾ ಅಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ ಕಡಲಪಾಚಿಗಳ ಅಚ್ಚುಗಳನ್ನು ಹೀಗೇ ತೆಗೆಯಲು ಶುರು ಮಾಡಿದ್ದರು. ಆ ನೀಲಿಗೆ ಪ್ರಷ್ಯನ್ ನೀಲಿ ಎಂದು ಹೆಸರು. ಹಿರಿಯರ ಟ್ಯೂಬಿನಲ್ಲಿದ್ದದ್ದೂ ಅದೇ. 1830ರ ದಶಕದ ಆರಂಭದಲ್ಲಿ ಜಪಾನಿನ ಕಲಾವಿದ ಹೊಕುಸಾಯ್ ತನ್ನ ಪ್ರಸಿದ್ಧ ದೊಡ್ಡ ಅಲೆಯ ಮರದಚ್ಚಿಗೆ ಬಳಸಿದ್ದೂ ಅದೇ. ನಮ್ಮ ಹಿರಿಯರು ಬಣ್ಣವಾಗಿ ಬಳಿದರು, ಈ ಕಲಾವಿದೆ ಬಿಸಿಲಿನ ಕೈಯಲ್ಲಿ ಕಾಗದದೊಳಗೇ ಹುಟ್ಟಿಸಿದರು. ಈ ಇಬ್ಬರ ಕೆಲಸ ಅಕ್ಕಪಕ್ಕ ಬಂದಾಗ ಬಣ್ಣ ಹೊಂದಿಸುವ ಗೋಜೇ ಇರಲಿಲ್ಲ.

ಆಯ್ಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಟ್ಟು 74 ಕೃತಿಗಳಿದ್ದವು. ಯಾರೂ ತಮ್ಮದನ್ನು ತಾವೇ ಆರಿಸುವಂತಿಲ್ಲ, ಉಳಿದ ಐವರು ಆರಿಸಬೇಕು ಎಂದು ಗೊತ್ತುಮಾಡಿದ್ದೆವು. ಎರಡು ವಾರ ಕಾದು, ಮೋಡದ ಬೆಳಕಿನಲ್ಲೇ ಮುಗಿಸಿದ ನನ್ನ ಆ ಚಿತ್ರ ಮೊದಲ ಸುತ್ತಿನಲ್ಲೇ ಹೊರಗೆ ಹೋಯಿತು. "ಇದರಲ್ಲಿ ನಿಮ್ಮ ಕಷ್ಟ ಕಾಣುತ್ತದೆ, ಕಡಲು ಕಾಣುವುದಿಲ್ಲ" ಎಂದರು ಛಾಯಾಗ್ರಾಹಕರು. ಆ ರಾತ್ರಿ ನೋವಾಯಿತು. ಒಂದು ವಾರ ಕಳೆದು ಚಿತ್ರವನ್ನು ಮತ್ತೆ ತೆಗೆದು ನೋಡಿದಾಗ ಅವರ ಮಾತು ಸರಿ ಎನ್ನಿಸಿತು. ಮೂರು ಮಣ್ಣಿನ ಹಲಗೆ, 28 ಚಿತ್ರ, ಒಟ್ಟು 31 ಉಳಿದವು.

ಮತ್ತೆ ಆ ಸಭಾಂಗಣಕ್ಕೆ ಬರುತ್ತೇನೆ.

ಚಿತ್ರ ತೂಗುಹಾಕುವುದಕ್ಕೆ ಗ್ಯಾಲರಿಗಳಲ್ಲಿ ಬಳಕೆಯಲ್ಲಿರುವ ಒಂದು ಲೆಕ್ಕ ಇದೆ. ಚಿತ್ರದ ನಟ್ಟನಡು ನೆಲದಿಂದ 57 ಇಂಚು, ಅಂದರೆ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿ ಬರಬೇಕು. ಸಾಧಾರಣ ಎತ್ತರದ ಮನುಷ್ಯ ನಿಂತಾಗ ಕಣ್ಣು ಇರುವ ಮಟ್ಟ ಅದು. ಚಿತ್ರ ದೊಡ್ಡದಿರಲಿ, ಸಣ್ಣದಿರಲಿ, ನಡು ಮಾತ್ರ ಒಂದೇ ಗೆರೆಯಲ್ಲಿ. ನಾವೂ ಹಾಗೇ ಮಾಡುವುದೆಂದಿದ್ದೆವು. ಹಿರಿಯರ ಮಾತು ಕಿವಿಗೆ ಬಿದ್ದ ಮೇಲೆ ಎಲ್ಲರಿಗೂ ಅದೇ ಕಾಣತೊಡಗಿತು. ನಡುವನ್ನು ಸಮ ಮಾಡಿದರೆ ದಿಗಂತಗಳು ಒಂದು ಚಿತ್ರದಿಂದ ಇನ್ನೊಂದಕ್ಕೆ ಮೆಟ್ಟಿಲು ಹತ್ತಿ ಇಳಿದ ಹಾಗೆ ಕುಣಿಯುತ್ತವೆ. ಒಂದೇ ದಡ, ಒಂದೇ ನೀರು ಎಂದು ವರ್ಷವಿಡೀ ನಾವು ಹಟ ಹಿಡಿದದ್ದು ಗೋಡೆಯ ಮೇಲೆ ಎಲ್ಲೂ ಕಾಣದೆ ಹೋಗುತ್ತಿತ್ತು.

ಹಾಗಿದ್ದರೆ ದಿಗಂತವನ್ನೇ ಒಂದು ಗೆರೆಗೆ ತಂದರೆ? ಎಂದು ಕೇಳಿದವನು ಕಿರಿಯ.

ಮೊದಲು ಯಾರೂ ಒಪ್ಪಲಿಲ್ಲ. ಚೌಕಟ್ಟುಗಳು ಏರುಪೇರಾಗಿ ಗೋಡೆ ಗಲಿಬಿಲಿಯಾಗಿ ಕಾಣುತ್ತದೆ ಎಂದು ನಾನೇ ವಾದಿಸಿದೆ. ಆದರೆ ಅವನ ಮಾತಿನಲ್ಲಿ ಕಡಲಿನ ಸತ್ಯವಿತ್ತು. ದಿಗಂತ ಯಾವಾಗಲೂ ನೋಡುವವರ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕೂತರೆ ನಮ್ಮೊಂದಿಗೆ ಅದೂ ಇಳಿಯುತ್ತದೆ, ಗುಡ್ಡ ಹತ್ತಿದರೆ ಅದೂ ಏರುತ್ತದೆ. ನೀರಿನಂಚಿನಲ್ಲಿ ನಿಂತು ನೋಡುವವರ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಇರುವುದು ಸುಮಾರು ನಾಲ್ಕೂವರೆ ಕಿಲೋಮೀಟರ್ ದೂರದಲ್ಲಿ. 20 ಮೀಟರ್ ಎತ್ತರದ ಬಂಡೆಯ ತಲೆಯಿಂದ ನೋಡಿದರೆ ಸುಮಾರು 16 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಆದರೂ ಅದು ಕಣ್ಣಿಗೆ ನೇರ.

ಈ ತಿಳಿವಳಿಕೆಯಿಂದ ನಮ್ಮದೇ ಚಿತ್ರಗಳನ್ನು ಮತ್ತೆ ನೋಡಿದಾಗ ಒಂದು ಬೆರಗು ಕಾದಿತ್ತು. ಯಾರು ಎಲ್ಲಿಂದ ನೋಡಿದರು ಎಂಬುದು ಚಿತ್ರದೊಳಗೇ ಬರೆದಿತ್ತು. ಮೊಣಕಾಲು ನೋವಿನ ಹಿರಿಯರು ಏಳೂ ಸಲ ಸ್ಟೂಲಿನ ಮೇಲೆ ಕೂತೇ ಬರೆದವರು. ಅವರ ಚಿತ್ರಗಳಲ್ಲಿ ದಡದಲ್ಲಿ ನಿಂತ ಎಲ್ಲರ ತಲೆಯೂ ದಿಗಂತವನ್ನು ದಾಟಿ ಆಕಾಶದಲ್ಲಿದೆ. ನಾನು ನಿಂತು ಬರೆದವಳು, ನನ್ನ ಜನರ ತಲೆಗಳು ದೂರದವರಿರಲಿ, ಹತ್ತಿರದವರಿರಲಿ, ದಿಗಂತದ ಗೆರೆಯ ಮೇಲೇ ಸಾಲಾಗಿ ಕೂತಿವೆ. ಕಿರಿಯ ಬಂಡೆಯ ತುದಿಗೆ ಹತ್ತಿ ಬರೆಯುತ್ತಿದ್ದವನು, ಅವನ ಜನ ದಿಗಂತಕ್ಕಿಂತ ಎಷ್ಟೋ ಕೆಳಗೆ, ಮರಳಿನ ಮೇಲೆ ಇರುವೆಗಳು. ಇದನ್ನು ಯಾರೂ ಬೇಕೆಂದು ಮಾಡಿರಲಿಲ್ಲ. ಹಿರಿಯರು ಕಿರಿಯನ ಚಿತ್ರದ ಮುಂದೆ ನಿಂತು, "ನಾನು ಮೂವತ್ತು ವರ್ಷದ ಹಿಂದೆ ಅಲ್ಲಿಂದ ನೋಡುತ್ತಿದ್ದೆ" ಎಂದರು. ಗೋಡೆ ಹೇಗಿರಬೇಕು ಎಂಬುದು ಆ ಕ್ಷಣಕ್ಕೆ ತೀರ್ಮಾನವಾಯಿತು.

ಗೆರೆಗೆ 150 ಸೆಂಟಿಮೀಟರ್ ಎತ್ತರ ನಿಗದಿ ಮಾಡಿದೆವು. ಲೆಕ್ಕ ಸರಳ: ಪ್ರತಿ ಚಿತ್ರದಲ್ಲಿ ದಿಗಂತದಿಂದ ಚೌಕಟ್ಟಿನ ಮೇಲಂಚಿಗೆ ಎಷ್ಟಿದೆ ಎಂದು ಅಳೆದು 150ಕ್ಕೆ ಕೂಡಿಸಬೇಕು, ಹಿಂಬದಿಯ ತಂತಿಯನ್ನು ಎಳೆದು ಹಿಡಿದಾಗ ಅದು ಮೇಲಂಚಿನಿಂದ ಎಷ್ಟು ಕೆಳಗಿದೆಯೋ ಅಷ್ಟನ್ನು ಕಳೆಯಬೇಕು. ಬಂದದ್ದು ಮೊಳೆಯ ಎತ್ತರ. ದಿಗಂತ ಮೇಲಂಚಿನಿಂದ 20 ಸೆಂಟಿಮೀಟರ್ ಕೆಳಗಿದ್ದು ತಂತಿ 5 ಸೆಂಟಿಮೀಟರ್ ತಗ್ಗಿನಲ್ಲಿದ್ದರೆ ಮೊಳೆ 165ಕ್ಕೆ. ಆಕಾಶವೇ ಹೆಚ್ಚಿರುವ ಚಿತ್ರಗಳಿಗೆ ಮೊಳೆ 190ಕ್ಕೂ ಹೋಯಿತು. ಹಿರಿಯರ ದೊಡ್ಡ ಕ್ಯಾನ್ವಾಸೊಂದು 120 ಸೆಂಟಿಮೀಟರ್ ಎತ್ತರದ್ದು, ಅದರಲ್ಲಿ ದಿಗಂತ ಮೇಲಿನಿಂದ 15ಕ್ಕೇ ಬರುತ್ತಿತ್ತು. ತೂಗುಹಾಕಿದಾಗ ಅದರ ಕೆಳಗಿನ ಅಂಚು ನೆಲದಿಂದ 45 ಸೆಂಟಿಮೀಟರಿಗೆ ಇಳಿದು, ಚಿತ್ರದೊಳಗಿನ ಒದ್ದೆ ಮರಳು ನಮ್ಮ ಕಾಲಿನ ಹತ್ತಿರಕ್ಕೆ ಬಂತು.

ಸರಳ ಎಂದದ್ದು ಕಾಗದದ ಮೇಲೆ. ನೆಲದಿಂದ 150 ಎಂದು ಅಳೆದು ಎರಡು ತುದಿಯಲ್ಲಿ ಗುರುತು ಹಾಕಿ ದಾರ ಎಳೆದರೆ, ದಾರ ವಾರೆ. 12 ಮೀಟರ್ ಗೋಡೆಯ ಉದ್ದಕ್ಕೆ ನೆಲವೇ ಎರಡು ಸೆಂಟಿಮೀಟರ್ ಇಳಿಜಾರಾಗಿತ್ತು. ಮಣ್ಣಿನ ಗೆಳೆಯ ಒಂದು ಉದ್ದನೆಯ ಪಾರದರ್ಶಕ ಪೈಪು ತಂದು ನೀರು ತುಂಬಿಸಿದ. ಗಾರೆ ಕೆಲಸದವರು ಮಟ್ಟ ನೋಡುವ ರೀತಿ. ಪೈಪಿನ ಒಂದು ತುದಿಯನ್ನು ಅವನು ಹಿಡಿದ, ಇನ್ನೊಂದನ್ನು ನಾನು ಹಿಡಿದೆ. ಗುಳ್ಳೆಗಳು ಹೋಗುವವರೆಗೆ ಕಾದು, ನೀರು ಅಲುಗಾಡದೆ ನಿಂತ ಮೇಲೆ ಎರಡೂ ಕಡೆ ಸೀಸದ ಕಡ್ಡಿಯಲ್ಲಿ ಗುರುತು ಹಾಕಿದೆವು. ಕಡಲಿನ ಗೆರೆಯನ್ನು ಗೋಡೆಗೆ ತರಲು ಕೊನೆಗೆ ನೀರೇ ಬೇಕಾಯಿತು. ಆ ಗುರುತುಗಳನ್ನು ಸೇರಿಸಿ ಮೂರೂ ಗೋಡೆಗಳ ಮೇಲೆ ತೆಳುವಾಗಿ ಒಂದು ಗೆರೆ ಎಳೆದೆವು.

ಗೆರೆ ಬಂದ ಮೇಲೆ ಇನ್ನೊಂದು ತಪ್ಪು ಬಯಲಾಯಿತು. ನನ್ನ ಎರಡು ಚಿತ್ರಗಳಲ್ಲಿ ದಿಗಂತ ಎಡದಿಂದ ಬಲಕ್ಕೆ ಮೂರು ಮಿಲಿಮೀಟರ್ ವಾಲಿತ್ತು. ಒಂದೇ ಚಿತ್ರವಾಗಿ ನೋಡಿದಾಗ ಯಾರಿಗೂ ತಿಳಿದಿರಲಿಲ್ಲ. ಮರ ವಾಲಬಹುದು, ಮನೆ ವಾಲಬಹುದು, ನೀರು ವಾಲಿದರೆ ಕಣ್ಣು ಒಪ್ಪುವುದಿಲ್ಲ. ಚೌಕಟ್ಟು ಬಿಚ್ಚಿ, ಚಿತ್ರದ ಸುತ್ತ ಕೂರಿಸುವ ರಟ್ಟಿನ ಅಂಚಾದ ಮೌಂಟಿನ ಹಿಂದೆ ಕಾಗದವನ್ನು ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿದೆ. ಛಾಯಾಗ್ರಾಹಕರದ್ದು ಒಂದೂ ವಾಲಿರಲಿಲ್ಲ. ದಿಗಂತದ ವಿಷಯದಲ್ಲಿ ಅವರದ್ದು ಮೊದಲಿನಿಂದಲೂ ಕಟ್ಟುನಿಟ್ಟು. 1850ರ ದಶಕದಲ್ಲಿ ಗುಸ್ತಾವ್ ಲ ಗ್ರೇ ಎಂಬಾತ ಕಡಲಿನ ಫೋಟೊಗಳನ್ನು ಎರಡು ನೆಗೆಟಿವ್‌ಗಳಿಂದ ಜೋಡಿಸಿ ಮುದ್ರಿಸುತ್ತಿದ್ದ, ನೀರಿಗೊಂದು, ಆಕಾಶಕ್ಕೊಂದು. ಅಂದಿನ ಗಾಜಿನ ಪ್ಲೇಟುಗಳು ನೀಲಿ ಬೆಳಕಿಗೆ ಬೇಗ ಸ್ಪಂದಿಸುತ್ತಿದ್ದುದರಿಂದ, ನೀರು ಸರಿಯಾಗಿ ಮೂಡುವಷ್ಟರಲ್ಲಿ ಆಕಾಶ ಬಿಳಿಚಿಹೋಗುತ್ತಿತ್ತು. ಆ ಎರಡು ಸೇರುವ ಬೆಸುಗೆ ದಿಗಂತದ ಗೆರೆಯಲ್ಲೇ ಬಚ್ಚಿಟ್ಟುಕೊಂಡಿದೆ ಎಂದು ಮೊಳೆ ಹೊಡೆಯುತ್ತಾ ನಮಗೆ ಹೇಳಿದರು.

28ರಲ್ಲಿ ಒಂಬತ್ತು ಚಿತ್ರಗಳಿಗೆ ದಿಗಂತವೇ ಇರಲಿಲ್ಲ. ಬಂಡೆಗುಳಿಯಲ್ಲಿ ನಿಂತ ನೀರು ನನ್ನದೊಂದು, ಇದ್ದಿಲಿನವು ಎರಡು, ಉಳಿದ ಆರೂ ಸಯನೋಟೈಪ್. ದಿಗಂತದ ಕೆಳಗೆ ನೆಲದ ವಸ್ತುಗಳು ಬರುವಂತೆ ಅವನ್ನು ಗೆರೆಗಿಂತ ಕೆಳಗೆ ಹಾಕೋಣ ಎಂದು ನಾನು ಸೂಚಿಸಿದೆ. ಸಯನೋಟೈಪ್ ಕಲಾವಿದೆಯ ಮುಖ ಬಾಡಿತು. "ಹನ್ನೊಂದು ತಿಂಗಳು ಒಟ್ಟಿಗೆ ನಡೆದು ಈಗ ನಾನೊಬ್ಬಳು ಗೆರೆಯ ಕೆಳಗಾ?" ಎಂದು ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲರೂ ಸುಮ್ಮನಾದೆವು. ಗುಂಪಿನಲ್ಲಿ ಒಬ್ಬರಿಗೆ ಚಂದ ಕಂಡ ಹೊಂದಾಣಿಕೆ ಇನ್ನೊಬ್ಬರನ್ನು ಹೊರಗಿಟ್ಟೇ ಬಂದಿರಬಹುದು ಎಂಬುದು ಆ ಮೌನದಲ್ಲಿ ಅರ್ಥವಾಯಿತು. ಡಚ್ ಚಿತ್ರಕಾರ ಮೊಂಡ್ರಿಯಾನ್ 1915ರಲ್ಲಿ ಕಡಲನ್ನು ಬರೀ ಅಡ್ಡ ಉದ್ದ ಗೀಟುಗಳಲ್ಲಿ, ದಿಗಂತವೇ ಇಲ್ಲದೆ ಬರೆದ, ಅದು ಕಡಲಲ್ಲವೇ ಎಂದು ಹಿರಿಯರು ಅವರ ಪರವಾಗಿ ಕೇಳಿದರು.

ದಾರಿ ತೋರಿಸಿದವರು ಆ ಕಲಾವಿದೆಯೇ. ಮರುದಿನ ಬೆಳಿಗ್ಗೆ ಬಂದು, "ನನಗೆ ಗೋಡೆ ಬೇಡ. ಪಾಚಿಯನ್ನು ನಾನು ಬಗ್ಗಿಯೇ ನೋಡಿದ್ದು, ನೋಡುವವರೂ ಬಗ್ಗಲಿ" ಎಂದರು. 65 ಸೆಂಟಿಮೀಟರ್ ಎತ್ತರದ ಉದ್ದನೆಯ ಮೇಜನ್ನು ಸಭಾಂಗಣದ ನಟ್ಟನಡುವೆ ಹಾಕಿ, ಆರು ಸಯನೋಟೈಪ್‌ಗಳನ್ನು ಗಾಜಿನಡಿ ಮಲಗಿಸಿದೆವು. ಪಕ್ಕದಲ್ಲಿ ಮೂರು ಮಣ್ಣಿನ ಹಲಗೆಗಳು. ಉಳಿದ ಮೂರು ಚಿತ್ರಗಳನ್ನೂ ಅಲ್ಲಿಗೇ ತಂದೆವು. ಕಿಟಕಿಯ ಬಿಸಿಲು ತಾಗದಂತೆ ಮೇಜನ್ನು ಎಳೆಯಬೇಕಾಯಿತು. ಬಲವಾದ ಬೆಳಕಿಗೆ ಆ ನೀಲಿ ಮಂಕಾಗುತ್ತದೆ. ಕತ್ತಲಲ್ಲಿ ಗಾಳಿಯಾಡುವಂತೆ ಇಟ್ಟರೆ ಬಹುಮಟ್ಟಿಗೆ ಮರಳಿ ಬರುತ್ತದೆ ಎಂದು ಅವರು ಹೇಳಿದಾಗ ಆ ಬಣ್ಣದ ಮೇಲೆ ನನಗೆ ಇನ್ನೂ ಪ್ರೀತಿ ಹುಟ್ಟಿತು.

ರಾತ್ರಿ ಹನ್ನೊಂದಕ್ಕೆ ಕೊನೆಯ ಚಿತ್ರ ಗೋಡೆಗೇರಿತು. ದೀಪ ಹಾಕಿ ಬಾಗಿಲಿನಲ್ಲಿ ನಿಂತೆವು. ಚೌಕಟ್ಟುಗಳು ಮೇಲೆ ಕೆಳಗೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ. ಅವುಗಳ ನಡುವೆ ಒಂದೇ ಗೆರೆ ಎಡಗೋಡೆಯಿಂದ ಹೊರಟು ಎದುರುಗೋಡೆ ದಾಟಿ ಬಲಗೋಡೆಯವರೆಗೆ, ಇದ್ದಿಲಿನಿಂದ ತೈಲಕ್ಕೆ, ತೈಲದಿಂದ ಫೋಟೊಕ್ಕೆ, ಅಲ್ಲಿಂದ ನೀರುಬಣ್ಣಕ್ಕೆ, ಎಲ್ಲೂ ತಡೆಯಿಲ್ಲದೆ ಸಾಗಿತ್ತು. ಯಾರೂ ಏನೂ ಹೇಳಲಿಲ್ಲ.

ಮೂರನೆಯ ದಿನ ಮಳೆ ಹಿಡಿಯಿತು. ಸಂಜೆ ಬಂದು ನೋಡುತ್ತೇನೆ, ನನ್ನ ಕಡಲನೀರಿನ ಚಿತ್ರಗಳ ಗಾಜಿನ ಒಳಮೈಗೆ ಆವಿ. ಒಂದರ ಕಾಗದ ಅಲೆಯಲೆಯಾಗಿ ಉಬ್ಬಿ, ಕೆಳಗಿನ ನೀಲಿ ಮೌಂಟಿಗೆ ಇಳಿದಿತ್ತು. ಕಡಲಿನ ಉಪ್ಪು ಬರೀ ಸೋಡಿಯಂ ಕ್ಲೋರೈಡ್ ಅಲ್ಲ, ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇರುತ್ತದೆ. ಅದು ಸಾಧಾರಣ ಗಾಳಿಯಿಂದಲೂ ತೇವವನ್ನು ಎಳೆದುಕೊಂಡು ತಾನೇ ಕರಗಿ ನೀರಾಗುತ್ತದೆ. ಒಂದರ್ಥದಲ್ಲಿ ಆ ಚಿತ್ರಗಳು ಒಣಗಿಯೇ ಇರಲಿಲ್ಲ. ಚೌಕಟ್ಟು ಕಟ್ಟಿದವರು ಕಾಗದ ಮುಟ್ಟಿ ನೋಡಿ, "ಇದು ಇನ್ನೂ ತಣ್ಣಗಿದೆಯಲ್ಲ" ಎಂದಿದ್ದರು. ತಣ್ಣಗಿರುವ ಕಾಗದ ಒದ್ದೆ ಕಾಗದ ಎಂಬುದು ಗೊತ್ತಿದ್ದೂ ಅವಸರದಲ್ಲಿ ನಾನು ಕೇಳಿಸಿಕೊಳ್ಳಲಿಲ್ಲ. ಮಣ್ಣಿನ ಗೆಳೆಯನ ಬಟ್ಟಲುಗಳು ಉದುರಿದ್ದನ್ನು ಕಣ್ಣಾರೆ ಕಂಡವಳು, ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಎರಡನ್ನು ಉಳಿಸಿಕೊಂಡೆ. ಚೌಕಟ್ಟು ಬಿಚ್ಚಿ, ಗಾಜು ಕಾಗದಕ್ಕೆ ತಾಗದಂತೆ ಅಂಚಿನಲ್ಲಿ ಪಟ್ಟಿ ಕೊಟ್ಟು, ಹಿಂದೆ ತೇವ ಹೀರುವ ಸಿಲಿಕಾ ಜೆಲ್ ಇಟ್ಟು ಮತ್ತೆ ಕೂರಿಸಿದೆ. ಮೂರನೆಯದು ಹೋಯಿತು. ಕಡಲೇ ಕೈ ಕೂಡಿಸಿತು ಎಂದು ನಾನು ಅತ್ತಿದ್ದು ಅದೇ ಚಿತ್ರಕ್ಕೆ. ಆ ಜಾಗಕ್ಕೆ ಬೇರೆ ಚಿತ್ರ ತರುತ್ತೇನೆ ಎಂದೆ. ಹಿರಿಯರು ಬೇಡ ಎಂದರು. ಗೋಡೆಯ ಆ ಭಾಗವನ್ನು ಖಾಲಿ ಬಿಟ್ಟೆವು, ಅಲ್ಲಿ ಸೀಸದ ಗೆರೆ ಮಾತ್ರ ಮುಂದುವರಿಯಿತು.

ಐದನೆಯ ದಿನ ಗಾಲಿಕುರ್ಚಿಯಲ್ಲಿ ಒಬ್ಬರು ಬಂದರು. ಮಧ್ಯವಯಸ್ಸಿನವರು. ಮೇಜಿನ ಬಳಿ ತುಂಬ ಹೊತ್ತು ಇದ್ದರು, ಪಾಚಿಯ ಅಚ್ಚುಗಳನ್ನು ಒಂದೊಂದಾಗಿ ನೋಡಿದರು. ಗೋಡೆಗಳ ಕಡೆ ಒಂದು ಸುತ್ತು ಹೋಗಿ ಬಂದು ನನ್ನನ್ನು ಕರೆದು, "ನನಗೆ ಇಲ್ಲಿ ದಡದಲ್ಲಿ ಕೂತ ಹಾಗಿಲ್ಲಮ್ಮ, ನೀರೊಳಗೆ ಮುಳುಗಿದ ಹಾಗಿದೆ. ಅಲೆಯೆಲ್ಲ ತಲೆಗಿಂತ ಮೇಲಿದೆ" ಎಂದರು. ದೂರಿದ ದನಿಯಲ್ಲ, ಕಂಡದ್ದನ್ನು ಹೇಳಿದರು. ನನ್ನ ಎದೆ ಧಸಕ್ಕೆಂದಿತು. ಕೂತರೆ ದಿಗಂತವೂ ಇಳಿಯುತ್ತದೆ ಎಂದು ಅಷ್ಟು ಮಾತಾಡಿದ ನಾವು ನಿಂತವರ ಕಣ್ಣಿಗೆ ಮಾತ್ರ ಗೆರೆ ಎಳೆದಿದ್ದೆವು. ನಿಜವಾದ ಕಡಲು ಯಾರಿಗೂ ಹಾಗೆ ಮಾಡುವುದಿಲ್ಲ. ನಮ್ಮ ನಡುವೆಯೇ ಕೂತು ಬರೆಯುವವರೊಬ್ಬರಿದ್ದರು, ಅವರ ಚಿತ್ರಗಳನ್ನೂ ನಿಂತು ನೋಡುವಂತೆಯೇ ಹಾಕಿದ್ದೆವು.

ಮರುದಿನ ಬಾಗಿಲು ತೆರೆಯುವ ಮೊದಲು ಬಲಗೋಡೆಯ ಐದು ಚಿತ್ರಗಳನ್ನು ಇಳಿಸಿದೆವು. ಹಿರಿಯರವು ಮೂರು, ನನ್ನದೊಂದು, ಒಂದು ಫೋಟೊ. ಅಲ್ಲಿ ಗೆರೆಯನ್ನು 120 ಸೆಂಟಿಮೀಟರಿಗೆ ತಂದೆವು. ಗಾಲಿಕುರ್ಚಿಯಲ್ಲಿ ಬಂದಿದ್ದವರಿಗೆ ಹೇಳಿ ಕಳಿಸಿದೆವು. ಎರಡು ದಿನ ಬಿಟ್ಟು ಮತ್ತೆ ಬಂದರು. ಆ ಗೋಡೆಯ ಮುಂದೆ ಗಾಲಿ ನಿಲ್ಲಿಸಿ ಸುಮ್ಮನೆ ಕೂತರು. ನಾನು ಮಾತಾಡಿಸಲು ಹೋಗಲಿಲ್ಲ. ಅಷ್ಟರಲ್ಲಿ ಶಾಲೆಯ ಮಕ್ಕಳ ಗುಂಪೊಂದು ಬಂದು, ಬೇರೆ ಎರಡು ಗೋಡೆಗಳನ್ನು ಬಿಟ್ಟು ಅವರ ಸುತ್ತಲೇ ನಿಂತಿತು. ಆ ಮಕ್ಕಳ ಕಣ್ಣಿಗೂ ಅದೇ ಮಟ್ಟ ಸರಿಹೋಗಿತ್ತು.

ಹತ್ತನೆಯ ದಿನ ಸಂಜೆ ಎಲ್ಲವನ್ನೂ ಇಳಿಸಿದೆವು. ಚಿತ್ರಗಳನ್ನು ಬಬಲ್ ಹಾಳೆಯಲ್ಲಿ ಸುತ್ತಿ, ಮೊಳೆಗಳನ್ನು ಕಿತ್ತು ಡಬ್ಬಿಗೆ ಹಾಕಿ ಹಿಂದಿರುಗಿ ನೋಡಿದರೆ, ಬರಿದಾದ ಬಿಳಿಗೋಡೆಯ ಮೇಲೆ ಮೊಳೆ ಕಿತ್ತ ತೂತುಗಳು. ದಿಗಂತಗಳನ್ನು ಸಮ ಮಾಡಲು ಮೊಳೆಗಳನ್ನು ಏರಿಸಿ ಇಳಿಸಿದ್ದೆವಲ್ಲ, ಆ ತೂತುಗಳ ಸಾಲು 165ಕ್ಕೆ ಇಳಿದು, 190ಕ್ಕೆ ಏರಿ, ಮತ್ತೆ ಇಳಿದು, ನೇರವಾದ ಸೀಸದ ಗೆರೆಯ ಮೇಲೆ ಅಲೆ ಎದ್ದ ಹಾಗೆ ಗೋಡೆಯುದ್ದಕ್ಕೂ ಹೋಗಿತ್ತು. ಛಾಯಾಗ್ರಾಹಕರು ಕ್ಯಾಮೆರಾ ಮತ್ತೆ ಹೊರತೆಗೆದರು. ಅವರು ತೆಗೆದು ಮುಗಿಸುವವರೆಗೆ ಕಾದು, ಕಿರಿಯ ರಬ್ಬರು ಹಿಡಿದು ಎಡತುದಿಯಿಂದ ಗೆರೆ ಅಳಿಸುತ್ತಾ ಬಂದ. ನಾನು ಅವನ ಹಿಂದೆ ಪುಟ್ಟಿ ಬಟ್ಟಲು ಹಿಡಿದು ಒಂದೊಂದೇ ತೂತು ಮುಚ್ಚುತ್ತಾ ಹೋದೆ.